ಒಂದು ಸಾಲು ಓದದೆ ಮನೆಗೆ ಬಂದ ತಮ್ಮನಿಗೆ

ನನ್ನ ಕಡ್ಡಿ ಪೈಲ್ವಾನನಿಗೆ,

ನೀನು ಒಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಾ ಮಲಗಿದ್ದೀಯ. ಹೊರಗೆ ಮಟಮಟ ಮಧ್ಯಾಹ್ನ. ಅಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ರಸ್ತೆಯಲ್ಲಿ ಹಾರನ್ ಹೊಡೆದವರನ್ನೆಲ್ಲ ಬೈಯುತ್ತಿದ್ದಾಳೆ. ಅವಳ ಬೈಗುಳದ ಸದ್ದಿಗೇ ನೀನು ಏಳಬೇಕಿತ್ತು, ಏಳಲಿಲ್ಲ. ಒಂದೇ ಗೋಡೆಯ ಆಚೆ ಇರುವವನಿಗೆ ಪತ್ರ ಯಾಕೆ ಅಂತ ನೀನು ಕೇಳಬಹುದು. ನಾವಿಬ್ಬರೂ ಎದುರುಬದುರು ಕೂತರೆ ನಾಲ್ಕು ಮಾತು ಮುಗಿಯುವುದರೊಳಗೆ ಜಗಳಕ್ಕೆ ಬೀಳುತ್ತೇವೆ. ಬರೆದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ನನಗೆ ಹಗುರಾಗಿದೆ. ಮೊನ್ನೆ ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದು, ನೀನು ಒಂದೇ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಾಗ, ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದ ಹಾಗಾಯಿತು. ನೀನು ಬಂದವನೇ, "ಅಕ್ಕಾ, ದಪ್ಪ ಆಗಿದ್ದೀಯ" ಅಂದೆ. ಅಳುತ್ತಾ ನಿಂತಿದ್ದವಳಿಗೆ ನಗು ಬಂತು. ನಿನ್ನ ಭಾವ ಪಕ್ಕಕ್ಕೆ ತಿರುಗಿ ಕನ್ನಡಕ ಒರೆಸಿಕೊಂಡರು. ಅವರಿಗೆ ಇಂಥ ಹೊತ್ತಿನಲ್ಲೇ ಕಣ್ಣಿಗೆ ಧೂಳು ಬೀಳುವ ಅಭ್ಯಾಸ ಮದುವೆಯಾದಾಗಿನಿಂದ ಇದೆ.

ನೀನು ಅಲ್ಲಿದ್ದಾಗ ಇಲ್ಲಿ ಏನೇನಾಯಿತು ಅನ್ನುವುದು ನಿನಗೆ ಪೂರ್ತಿ ಗೊತ್ತಿಲ್ಲ. ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ಅದಕ್ಕೇ ಇದೆಲ್ಲ.

ನೀನು ಹೋಗುತ್ತೇನೆ ಅಂದ ದಿನ ನೆನಪಿದೆಯಾ? ಮೊಣಕಾಲಿನ ಆಪರೇಷನ್ ಆದಮೇಲೆ ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬಿನವರು ನಿನ್ನನ್ನು ಮುರುಕು ಮೇಜಿನ ಹಾಗೆ ಮೂಲೆಗೆ ಸರಿಸಿದ್ದರು. ಆಗ ಬಂತು ಆ ಕರೆ. ಇಡೀ ಲೀಗನ್ನೇ ಸರ್ಕಾರ ಸಾಕುವ ದೇಶ, ಹೊಳೆಯುವ ಹೊಸ ಮೈದಾನಗಳು, ಇನ್ನೆರಡು ಜನ್ಮ ಆಡಿದರೂ ಇಲ್ಲಿ ಸಿಗದಷ್ಟು ಸಂಬಳ. ಆ ದೇಶದಲ್ಲಿ ಆಳುವವರ ವಿರುದ್ಧ ಬಾಯಿ ತೆರೆದವರು ಎಲ್ಲಿ ಹೋಗುತ್ತಾರೆ ಅನ್ನುವುದು ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಊಟದ ಮೇಜಿನ ಹತ್ತಿರ ನಾನು ಅದನ್ನೇ ಎತ್ತಿದೆ. ನೀನು ತಟ್ಟೆ ಪಕ್ಕಕ್ಕೆ ತಳ್ಳಿದೆ.

"ಇಲ್ಲಿಯ ಕ್ಲಬ್ಬಿನ ಮಾಲೀಕ ಜೂಜಿನ ಕಂಪನಿಯವನು. ಅವನ ದುಡ್ಡನ್ನೇನು ಸೋಪು ಹಾಕಿ ತೊಳೆದು ಕೊಡ್ತಿದ್ದನಾ? ಅದನ್ನ ತಗೊಂಡಾಗ ಯಾರೂ ಒಂದು ಮಾತೂ ಆಡಲಿಲ್ಲ. ಈಗ ಎಲ್ಲರಿಗೂ ನೀತಿ ನೆನಪಾಗ್ತಿದೆ."

"ಜೂಜಿನವನು ತನ್ನನ್ನ ಬೈದವರನ್ನ ಜೈಲಿಗೆ ಹಾಕಲ್ಲ ಕಣೋ."

"ಹಾಕೋಕಾಗಲ್ಲ, ಅದಕ್ಕೆ ಹಾಕಲ್ಲ."

ಅಮ್ಮ ಸಾರಿನ ಪಾತ್ರೆ ತಂದು ಇಬ್ಬರ ಮಧ್ಯೆ ಕುಕ್ಕಿದಳು. "ಅವನು ಆಡೋಕೆ ಹೋಗ್ತಿದ್ದಾನಾ, ಆಳೋಕಾ? ಆರಿಹೋಗ್ತಿದೆ, ತಿನ್ನಿ ಮೊದಲು" ಅಂದಳು. ಅಲ್ಲಿಗೆ ಮಾತು ಮುಗಿಯಿತು. ನೀನು ಹೋದೆ. ಅಮ್ಮ ಇವತ್ತು ಕೋಲಿಲ್ಲದೆ ಓಡಾಡುತ್ತಾಳೆ. ಆ ಹೊಸ ಸೊಂಟದ ಕೀಲು ನೀನು ಅಲ್ಲಿಂದ ಕಳಿಸಿದ ದುಡ್ಡಿನದು. ಅದನ್ನು ಮರೆತವಳ ಹಾಗೆ ನಾನು ಇಲ್ಲಿ ದೊಡ್ಡ ಮಾತು ಬರೆಯಲಾರೆ.

ನಮ್ಮ ಅಂಗಡಿ ಮೈದಾನದ ಗೋಡೆಗೇ ಆತುಕೊಂಡಿದೆಯಲ್ಲ, ನಿನ್ನ ಸುದ್ದಿ ಬಂದ ಬೆಳಿಗ್ಗೆಯೇ ಅದರ ಬಿಸಿ ನಮಗೆ ತಟ್ಟಿತು. ಜೆರ್ಸಿಗಳ ಬೆನ್ನ ಮೇಲೆ ಹೆಸರು ಅಂಟಿಸುವುದು ನಮ್ಮ ಕೆಲಸ. ಅವತ್ತಿನಿಂದ ಜನ ಹೆಸರು ಕೀಳಿಸಲು ಬಂದರು. ಮೊದಲು ಬಂದವನು ಬಸ್ ಡ್ರೈವರ್. ಸಂಕೋಚದಿಂದ ಜೆರ್ಸಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ನಾನು ನಿನ್ನ ಅಕ್ಕ ಅಂತ ಅವನಿಗೆ ಗೊತ್ತು. "ಬೇಜಾರು ಮಾಡ್ಕೋಬೇಡಮ್ಮ, ಮೈಮೇಲೆ ಹಾಕ್ಕೊಂಡ್ರೆ ಚುಚ್ಚುತ್ತೆ" ಅಂದ. ಹೀಟ್ ಪ್ರೆಸ್‌ನಲ್ಲಿ ಬಟ್ಟೆ ಕಾಯಿಸಿ, ಅಂಟು ಸಡಿಲವಾದ ಕೂಡಲೇ ಚಿಮಟದಿಂದ ಒಂದೊಂದೇ ಅಕ್ಷರ ಎಬ್ಬಿಸಬೇಕು. ನಿಧಾನ ಮಾಡಿದರೆ ಬಟ್ಟೆ ಸುಡುತ್ತದೆ. ನಿನ್ನ ಹೆಸರನ್ನು ಹೀಗೆ ಎಷ್ಟು ಬೆನ್ನುಗಳಿಂದ ಕಿತ್ತೆನೋ ಲೆಕ್ಕ ಇಟ್ಟಿಲ್ಲ. ಕಿತ್ತಮೇಲೂ ಬಿಸಿಲಿಗೆ ಮಾಸದ ಬಟ್ಟೆ ಆ ಅಕ್ಷರಗಳ ಆಕಾರದಲ್ಲೇ ಉಳಿದಿರುತ್ತಿತ್ತು. "ಇನ್ನೂ ಕಾಣ್ತಿದೆಯಲ್ಲ" ಅಂತ ಕೆಲವರು ತಕರಾರು ತೆಗೆದರು. "ಅದು ನನ್ನ ಕೈಲಿಲ್ಲ, ಸೂರ್ಯನ ಹತ್ತಿರ ಹೋಗಿ ಕೇಳಿ" ಅಂದೆ. ನಿನ್ನ ಭಾವ, "ಗಿರಾಕಿಗಳ ಹತ್ತಿರ ಹೀಗಾ ಮಾತಾಡೋದು?" ಅಂತ ನನ್ನನ್ನು ಒಳಗೆ ಕಳಿಸಿದರು.

ಒಳಗೆ ಹೊಲಿಗೆ ಅಕ್ಕ ಇದ್ದರು. ನೀನು ಇಲ್ಲಿದ್ದಾಗ ಅವರನ್ನು ನೋಡಿದ್ದೆ, ಆದರೆ ಮಾತಾಡಿಸಿರಲಿಲ್ಲ. ಬೂದು ಕೂದಲು, ಹಿಂದಿನ ಕಿಟಕಿಯ ಪಕ್ಕ ಮಿಷನ್, ಯಾವಾಗಲೂ ತಲೆ ಬಗ್ಗಿಸಿ ಕಾಲರ್ ಹೊಲಿಯುವವರು. ಅವರು ಆ ದೇಶದವರು. ಅವರ ಗಂಡ ಅಲ್ಲಿನ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದರು. ಹೊಸ ಮೈದಾನ ಕಟ್ಟುವಾಗ ಅಟ್ಟಣೆ ಕುಸಿದು ಕೂಲಿಗಳು ಸತ್ತ ಸುದ್ದಿಯನ್ನು, ಓದಬೇಡ ಅಂದರೂ, ಒಂದು ಸಂಜೆ ಓದಿಬಿಟ್ಟರು. ಅವತ್ತೇ ಅವರನ್ನು ಹಿಡಿದುಕೊಂಡು ಹೋದರು, ಇನ್ನೂ ಜೈಲಿನಲ್ಲಿದ್ದಾರೆ. ಈಕೆ ಹೇಗೋ ಗಡಿ ದಾಟಿ ನಮ್ಮ ಊರಿಗೆ ಬಂದರು. ಇದನ್ನೆಲ್ಲ ನಮ್ಮಲ್ಲಿ ಕೆಲಸಕ್ಕೆ ಸೇರಿ ಬಹಳ ಕಾಲವಾದ ಮೇಲೆ, ದಾರ ಕಚ್ಚಿ ತುಂಡು ಮಾಡುತ್ತಾ, ಬೇರೆ ಯಾರದೋ ಕಥೆ ಹೇಳುವ ಹಾಗೆ ನನಗೆ ಹೇಳಿದ್ದರು.

ನೀನು ಅಲ್ಲಿಗೇ ಹೋಗುತ್ತೀಯ ಅಂತ ಗೊತ್ತಾದಾಗ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕೆಲಸ ಬಿಡುತ್ತಾರೆ ಅಂದುಕೊಂಡೆ. ಅವರು ಬಿಡಲಿಲ್ಲ. ನೀನು ಹೊರಡುವ ಹಿಂದಿನ ದಿನ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು: "ತಂಗಿ, ನಿಮ್ಮ ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಆಡಲಿ, ದುಡಿಯಲಿ, ಮನೆಗೆ ಕಳಿಸಲಿ. ನನ್ನ ಊರಲ್ಲೂ ಜನ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಾರೆ. ಆದರೆ ಅಲ್ಲಿ ಆಳೋರ ಪಕ್ಕ ನಿಂತು ನಗೋದು ಬೇಡ ಅಂತ ಹೇಳಿ. ಅವರಿಗೆ ಬೇಕಿರೋದು ಇವನ ಕಾಲಲ್ಲ, ನಗು."

ನಾನು ನಿನಗೆ ಅದನ್ನು ಹೇಳಿದೆ. ನೀನು, "ಫೋಟೋದಲ್ಲಿ ಎಲ್ಲರೂ ನಗ್ತಾರೆ ಅಕ್ಕಾ, ಪಾಸ್‌ಪೋರ್ಟ್ ಫೋಟೋ ಬಿಟ್ಟು" ಅಂದೆ. ಆಮೇಲೆ ಆ ಚಿತ್ರ ಬಂತು. ಮಂತ್ರಿಯ ಕೈ ನಿನ್ನ ಹೆಗಲ ಮೇಲೆ, ನಿನ್ನ ಹಲ್ಲೆಲ್ಲ ಕಾಣುವ ಹಾಗೆ ನಗು. ಪೇಪರಿನ ಆ ಪುಟ ಮೇಜಿನ ಮೇಲಿತ್ತು. ಹೊಲಿಗೆ ಅಕ್ಕ ಅದನ್ನು ನೋಡಿದರು, ಅದರ ಮೇಲೆ ಗುಂಡಿಗಳ ಡಬ್ಬಿ ಇಟ್ಟರು, ಹೊಲಿಯಲು ಕೂತರು. ನನ್ನ ಮೇಲೆ ರೇಗಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಸಂಜೆ ಹೊರಡುವಾಗ ಎಂದಿನ ಹಾಗೇ, "ನಾಳೆ ಬರ್ತೀನಿ ತಂಗಿ" ಅಂದು ಹೋದರು.

ಅದರಿಂದಾಚೆ ನಾನು ನಿನ್ನ ವಕೀಲಳಾದೆ. ಹಾಲಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದ್ದಾಗಲೂ ನಿನ್ನ ಪರ ವಾದ ಮಾಡಿದೆ. ನಿನ್ನ ಎದುರು ಮಾತ್ರ ನಿನ್ನ ವಿರುದ್ಧ. ಎರಡೂ ಕಡೆ ದಣಿದಿದ್ದೆ.

ಆಮೇಲೆ ಆ ಮಧ್ಯಾಹ್ನದ ಕರೆ. ನಾನು ಅಂಗಡಿಯಲ್ಲಿದ್ದೆ. ನೀನು, "ಸ್ವಲ್ಪ ದಿನ ಒಬ್ಬನೇ ಪ್ರಾಕ್ಟೀಸ್ ಮಾಡ್ತೀನಿ. ಟೀಮಿನ ಜೊತೆ ಬೇಡ ಅಂದಿದ್ದಾರೆ. ಪಾಸ್‌ಪೋರ್ಟ್ ಅವರ ಆಫೀಸಿನಲ್ಲೇ ಇದೆ. ನಾನು ಚೆನ್ನಾಗಿದ್ದೀನಿ" ಅಂದೆ. ಯಾಕೆ ಅಂತ ಕೇಳಿದ್ದಕ್ಕೆ, "ಇಲ್ಲಿ ಹವೆ ಚೆನ್ನಾಗಿದೆ" ಅಂದೆ. ಏನೋ ಅದು, ಸರಿಯಾಗಿ ಹೇಳೋ ಅಂತ ನಾನು ಗದರಿಸಿದೆ. ನೀನು ಎದುರಾಡಲಿಲ್ಲ. "ಸರಿ ಅಕ್ಕಾ" ಅಂದೆ. ನನ್ನ ತಮ್ಮ ನನಗೆ "ಸರಿ ಅಕ್ಕಾ" ಅಂದ ಅಂದರೆ ಅವನ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಅಂತ ಅರ್ಥ.

ಆಟಗಾರರ ಸಂಘದ ಕಾರ್ಯದರ್ಶಿ, ಆ ಸೊಟ್ಟ ಬೆರಳಿನ ಹಳೆಯ ಗೋಲ್‌ಕೀಪರ್, ಅಲ್ಲಿ ಇಲ್ಲಿ ವಿಚಾರಿಸಿ ವಿಷಯ ತಿಳಿದುಕೊಂಡು ಬಂದರು. ಆ ದೇಶದ ಸ್ಥಾಪನೆಯ ದಿನಕ್ಕೆ ದೊಡ್ಡ ಚಿತ್ರವೊಂದನ್ನು ಮಾಡುತ್ತಿದ್ದಾರೆ, ಒಬ್ಬೊಬ್ಬ ಆಟಗಾರನೂ ಕ್ಯಾಮೆರಾ ನೋಡಿ ಒಂದೊಂದು ಸಾಲು ಓದಬೇಕು, ನೀನು ನಿನ್ನ ಸಾಲು ಓದಲಿಲ್ಲ. ಅಷ್ಟೇ. ಅಲ್ಲಿನ ಕ್ಲಬ್ಬಿನವರ ಸಹಿ ಇಲ್ಲದೆ ನೀನು ದೇಶ ಬಿಡುವಂತಿಲ್ಲ, ಅವರು ಸಹಿ ಹಾಕುವುದಿಲ್ಲ.

ಅಮ್ಮನಿಗೆ ಏನು ಹೇಳುವುದು? "ಕಾಲು ನೋವಂತೆ, ಅದಕ್ಕೆ ಟಿವಿಯಲ್ಲಿ ಕಾಣ್ತಿಲ್ಲ" ಅಂದೆ. ಅವಳು ನನ್ನ ಮುಖವನ್ನೇ ನೋಡಿ, "ಯಾವ ಕಾಲು?" ಅಂದಳು. ನಾನು ಎಡಗಾಲು ಅಂದೆ, ಅದೇ ಹೊತ್ತಿಗೆ ನಿನ್ನ ಭಾವ ಬಲಗಾಲು ಅಂದರು. ಅವಳು ಅವತ್ತಿನಿಂದ ಟಿವಿ ಹಾಕುವುದನ್ನೇ ಬಿಟ್ಟಳು.

ಬಂದವರೆಲ್ಲ ಒಂದೇ ಸಲಹೆ ಕೊಟ್ಟರು. ಸುಮ್ಮನಿರಿ, ಗಲಾಟೆ ಮಾಡಿದರೆ ಅವರ ಸಿಟ್ಟು ಹೆಚ್ಚುತ್ತದೆ, ತಾನಾಗಿ ಸರಿಹೋಗುತ್ತದೆ. ನನಗೂ ಅದೇ ಸರಿ ಅನ್ನಿಸಿತ್ತು. ಹೊಲಿಗೆ ಅಕ್ಕ ಮಾತ್ರ ಮಿಷನ್ ನಿಲ್ಲಿಸಿದರು. "ನನಗೂ ಹಾಗೇ ಹೇಳಿದ್ರು. ನಾನು ಸುಮ್ಮನಿದ್ದೆ. ಕೇಳೋರು ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೇ ಅವರು ಶಿಕ್ಷೆ ಬರೆದದ್ದು. ತಂಗಿ, ನೀವು ಸುಮ್ಮನಿರಬೇಡಿ" ಅಂದರು. ಆಮೇಲೆ ಅವರೇ ನೆನಪಿಸಿದರು: ನಮ್ಮ ಊರಿನ ಕ್ಲಬ್ ರಜೆಯ ವಾರದಲ್ಲಿ ಅದೇ ದೇಶಕ್ಕೆ ಪ್ರದರ್ಶನ ಪಂದ್ಯ ಆಡಲು ಹೊರಟಿತ್ತು. ನಿನ್ನನ್ನು ದ್ರೋಹಿ ಅಂದ ಕ್ಲಬ್ಬೇ! ಅವರ ಹೊಸ ಜೆರ್ಸಿಗಳು ನಮ್ಮ ಅಂಗಡಿಯಲ್ಲೇ ರಾಶಿ ಬಿದ್ದಿದ್ದವು, ಎದೆಯ ಮೇಲೆ ಎರಡೂ ದೇಶಗಳ ಬಾವುಟ.

ನಾನೂ ಹೊಲಿಗೆ ಅಕ್ಕನೂ, ನೀವೆಲ್ಲ ಗೂಳಿ ಅಂತ ಕರೆಯುವವನ ಹತ್ತಿರ ಹೋದೆವು. ನೀನು ಹೋದಾಗ ಮೈಕಿನ ಮುಂದೆ, "ಅವನು ತನ್ನನ್ನ ತಾನೇ ಮಾರಿಕೊಂಡ" ಅಂದವನು ಅವನೇ, ನಿನ್ನ ಹಳೆಯ ಕ್ಯಾಪ್ಟನ್. ಪ್ರಾಕ್ಟೀಸ್ ಮುಗಿಸಿ ಕಾರಿನ ಡಿಕ್ಕಿಯ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಬೂಟು ಕೆಳಗಿಟ್ಟ.

"ಅಕ್ಕಾ, ಅವನ ಬಗ್ಗೆ ನಾನಾಡಿದ ಮಾತು ನಾನು ವಾಪಸ್ ತಗೊಳ್ಳಲ್ಲ. ಅವನು ಹೋಗಬಾರದಿತ್ತು."

"ತಗೋಬೇಡ. ನಾನೂ ಅವನಿಗೆ ಅದನ್ನೇ ಹೇಳಿದ್ದೆ" ಅಂದೆ.

"ಆದರೆ ಅವನನ್ನ ಅಲ್ಲಿ ಕೂಡಿಹಾಕಿರೋವಾಗ ನಾನು ಹೋಗಿ ಅದೇ ಜನರ ಜೊತೆ ಫೋಟೋ ತೆಗೆಸಿಕೊಂಡರೆ, ಆ ಮಾತು ನನಗೇ ಬಂದು ಹೊಡೆಯುತ್ತೆ." ಆಮೇಲೆ ಹೊಲಿಗೆ ಅಕ್ಕನ ಕಡೆ ತಿರುಗಿ, ಇವರು ಯಾರು ಅಂತ ಕೇಳಿದ. ಅವರು ತಮ್ಮ ಗಂಡನ ವಿಷಯ ಹೇಳಿದರು. ಗೂಳಿ ಅವರ ಗಂಡನ ಹೆಸರು ಕೇಳಿದ. ಸರಿಯಾಗಿ ಹೇಳಲು ಬರಲಿಲ್ಲ, ಇನ್ನೊಮ್ಮೆ ಕೇಳಿದ, ನಾಲಿಗೆ ಹೊರಳುವ ತನಕ ಹೇಳಿಸಿಕೊಂಡ. ವಾಪಸ್ ಬರುವಾಗ ಬಸ್ಸಿನಲ್ಲಿ ಹೊಲಿಗೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿ, "ನನ್ನ ಗಂಡ ಚೆಂಡು ಒದೆಯೋದು ಕಲಿತಿದ್ದಿದ್ರೆ ಚೆನ್ನಾಗಿತ್ತು" ಅಂದರು. ಅದು ಕಹಿ ಮಾತೋ ತಮಾಷೆಯೋ ನನಗೆ ತಿಳಿಯಲಿಲ್ಲ. ಎರಡೂ ಇರಬಹುದು.

ಮುಂದಿನದ್ದು ನಿನಗೆ ಸ್ವಲ್ಪ ಗೊತ್ತು. ಆಡಲು ಹೋಗುವುದಿಲ್ಲ ಅಂತ ಗೂಳಿ ಬರೆದ ಪತ್ರಕ್ಕೆ ತಂಡದ ಎಲ್ಲರೂ ಸಹಿ ಮಾಡಲಿಲ್ಲ. ಎಳೆಯ ಆಟಗಾರರು ಹೆದರಿದರು, ಅವರನ್ನು ನಾನು ದೂರುವುದಿಲ್ಲ. ಆದರೆ ಗೂಳಿ ಮತ್ತು ಅವನ ಜೊತೆಯ ಹಳಬರು, ನಿನ್ನನ್ನು ಬಿಡುವ ತನಕ ವಿಮಾನ ಹತ್ತುವುದಿಲ್ಲ ಅಂದರು. ಆಡಳಿತದವರು ದಂಡ ಹಾಕುತ್ತೇವೆ ಅಂದರು, ಹೊಸ ಸೀಸನ್ನಿಗೆ ಇಟ್ಟುಕೊಳ್ಳುವುದಿಲ್ಲ ಅಂದರು. ಪೇಪರಿನವರು ಬಂದರು. ಬಸ್ ಡ್ರೈವರನೂ ಅವನ ಗೆಳೆಯರೂ ಮೈದಾನದ ಗೇಟಿನ ಮುಂದೆ ಕೂತರು. ಅವನ ಮೈಮೇಲೆ ಇದ್ದದ್ದು ಅದೇ ಖಾಲಿ ಬೆನ್ನಿನ ಜೆರ್ಸಿ. ಹೆಸರು ಮತ್ತೆ ಹಾಕಿಸು ಅಂತ ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಕಡೆಗೆ ಆ ಕಡೆಯಿಂದ ಒಂದು ಹೇಳಿಕೆ ಬಂತು: ನಿನ್ನನ್ನು ಪರಸ್ಪರ ಒಪ್ಪಿಗೆಯಿಂದ ಬಿಟ್ಟುಕೊಡುತ್ತಿದ್ದೇವೆ, ಪ್ರದರ್ಶನ ಪಂದ್ಯವನ್ನು ಮೈದಾನದ ಹುಲ್ಲು ಸರಿಯಿಲ್ಲದ ಕಾರಣ ರದ್ದು ಮಾಡುತ್ತಿದ್ದೇವೆ. ಆ ಹುಲ್ಲು! ಟಿವಿಯಲ್ಲಿ ಅದನ್ನು ನೋಡಿ ಅಮ್ಮ, "ಬಣ್ಣ ಬಳಿದಿದ್ದಾರೇನೋ" ಅನ್ನುತ್ತಿದ್ದಳು. ಹೇಳಿಕೆ ಓದಿ ನಿನ್ನ ಭಾವ ಅಂಗಡಿಯ ಮಧ್ಯೆ ನಿಂತು ಜೋರಾಗಿ ನಕ್ಕರು. ನಾನು ಜೆರ್ಸಿ ರಾಶಿಯ ಮೇಲೆ ಕುಸಿದು ಕೂತೆ.

ಮೊನ್ನೆ ಊಟ ಮಾಡುವಾಗ ಆ ಸಾಲು ಯಾವುದು ಅಂತ ನಾನು ಕೇಳಿದೆ. "ಇಲ್ಲಿ ಯಾರಿಗೂ ಯಾರ ಭಯವೂ ಇಲ್ಲ" ಅಂತಿತ್ತಂತೆ. ನೀನು ಓದಲು ಬಾಯಿ ತೆರೆದೆಯಂತೆ, ಎದುರಿಗೆ ದೀಪ ಹಿಡಿದು ನಿಂತವನ ಕೈ ನಡುಗುತ್ತಿತ್ತಂತೆ. ದೀಪ ಅಲುಗಬಾರದು ಅಂತ ಯಾರೋ ಅವನನ್ನು ಗದರಿದ್ದರಂತೆ. "ನಾನೇನು ದೊಡ್ಡ ಮನುಷ್ಯ ಅಲ್ಲ ಅಕ್ಕಾ. ಅವನನ್ನ ನೋಡ್ತಾ ಆ ಸಾಲು ಹೇಳೋಕೆ ನಾಲಿಗೆ ಏಳಲಿಲ್ಲ, ಅಷ್ಟೇ" ಅಂದು ನೀನು ಮತ್ತೆ ಅನ್ನ ಬಡಿಸಿಕೊಂಡೆ. ನನಗೆ ಅದು ಸಾಕಾಯಿತು. ನಿನ್ನನ್ನು ದ್ರೋಹಿ ಅಂದವರೇ ಈಗ ವೀರ ಅನ್ನುತ್ತಿದ್ದಾರೆ. ಎರಡನ್ನೂ ಒಂದೇ ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡು. ನೀನು ಹೋದದ್ದು ತಪ್ಪು ಅಂತ ನಾನು ಇವತ್ತೂ ಹೇಳುತ್ತೇನೆ. ಮಂತ್ರಿಯ ಪಕ್ಕದ ಆ ನಗು ಆ ಪುಟದಲ್ಲಿ ಹಾಗೇ ಇರುತ್ತದೆ. ಆದರೆ ನಿನ್ನಲ್ಲಿ ಮಾರಾಟಕ್ಕಿಲ್ಲದ್ದು ಏನೋ ಒಂದಿದೆ ಅಂತ ನನಗೀಗ ಗೊತ್ತು. ಹಾಲಿನ ಅಂಗಡಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಹಾಲು ತರುತ್ತೇನೆ. ಎಂಥ ಸುಖ ಅದು, ನಿನಗೆ ಗೊತ್ತಿಲ್ಲ.

ಇನ್ನು ನಿನ್ನೆಯ ಮಾತು. ಅಂಗಡಿಗೆ ಬಂದವನೇ ನೀನು ನೇರ ಹಿಂದಿನ ಕಿಟಕಿಯ ಹತ್ತಿರ ಹೋಗಿ, ಹೊಲಿಗೆ ಅಕ್ಕನ ಮುಂದೆ ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ ನಿಂತೆ. "ನೀವು ಹೇಳಿ ಕಳಿಸಿದ್ದಿರಿ. ನಾನು ನಕ್ಕುಬಿಟ್ಟೆ. ಕ್ಷಮಿಸಿ" ಅಂದೆ. ಅವರು ಸ್ಟೂಲು ಎಳೆದು ಕೂರಲು ಹೇಳಿದರು. ಆಮೇಲೆ ಬಂದ ಪ್ರಶ್ನೆ ನಾನು ಕನಸಿನಲ್ಲೂ ಎಣಿಸದ್ದು: "ಹಳೇ ರೈಲು ನಿಲ್ದಾಣದ ಹಿಂದಿನ ಬೀದಿಗೆ ಯಾವತ್ತಾದರೂ ಹೋಗಿದ್ದಿರಾ?"

ಹೋಗಿದ್ದೆಯಂತೆ! ನಿನ್ನನ್ನು ಒಬ್ಬನೇ ಬಿಟ್ಟ ದಿನಗಳಲ್ಲಿ ಸಂಜೆ ನಡೆಯಲು ಅಲ್ಲಿಗೇ ಹೋಗುತ್ತಿದ್ದೆಯಂತೆ, ಹಿಂದೆ ಒಬ್ಬ ಕಾವಲಿನವನ ಜೊತೆ. ಮೂಲೆಯ ಗಡಿಯಾರ ರಿಪೇರಿ ಅಂಗಡಿ ಇದೆಯಾ ಅಂತ ಅವರು ಕೇಳಿದರು. ಇದೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮುದುಕ ಬೀದಿಯವರನ್ನೆಲ್ಲ ಬೈಯುತ್ತಾ ಕೂತಿರುತ್ತಾನೆ ಅಂದೆ ನೀನು. "ಇನ್ನೂ ಬದುಕಿದ್ದಾನಾ ಅವನು!" ಅಂತ ಅವರು ಬಾಯಿ ಮುಚ್ಚಿಕೊಂಡು ನಕ್ಕರು. ಇಷ್ಟು ವರ್ಷದಲ್ಲಿ ಆ ನಗು ನಾನು ನೋಡಿರಲಿಲ್ಲ. ಮೆಟ್ಟಿಲ ಪಕ್ಕದ ನಲ್ಲಿ, ಮಹಡಿಯ ಮೇಲೆ ಬಟ್ಟೆ ಒಣಹಾಕುವ ತಂತಿಗಳು, ಬೀದಿಯ ಕೊನೆಯಲ್ಲಿ ಬಾಗಿದ ಮರ, ಒಂದೊಂದನ್ನೂ ಕೇಳಿದರು. ಗೊತ್ತಿದ್ದದ್ದನ್ನು ನೀನು ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದೆ, ಸಂತೋಷಪಡಿಸಲು ಒಂದೂ ಸುಳ್ಳು ಸೇರಿಸಲಿಲ್ಲ. ಮರ ಕಡಿದಿದ್ದಾರೆ ಅಂದಾಗ ಅವರು, "ಹೋಗಲಿ, ಅದರ ಎಲೆ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದಿತ್ತು" ಅಂದರು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ಕಾಯಲಿ ಅಂತ ನಿನ್ನ ಭಾವ ನನಗೆ ಕಣ್ಣಲ್ಲೇ ಹೇಳಿದರು.

ಅವರ ಗಂಡ ಇನ್ನೂ ಒಳಗೇ ಇದ್ದಾರೆ. ನಮ್ಮ ಸಮಾಧಾನ ಅವರದ್ದಲ್ಲ, ಅದನ್ನು ನಾನು ಮರೆಯುವುದಿಲ್ಲ. ಗೂಳಿ ಮಾತ್ರ ಯಾರಾದರೂ ಮೈಕ್ ಹಿಡಿದರೆ ಸಾಕು, ಆಟದ ಬಗ್ಗೆ ಕೇಳಿದರೂ ಕೊನೆಗೆ ಆ ಹೆಸರು ಹೇಳುತ್ತಾನೆ. ಕ್ಲಬ್ಬಿನವರು ಒಮ್ಮೆ ಮೈಕ್ ಕಿತ್ತುಕೊಂಡರು. ಸೊಟ್ಟ ಬೆರಳಿನ ಕಾರ್ಯದರ್ಶಿಯೂ ಬೇರೆ ಬೇರೆ ದೇಶದ ಸಂಘಗಳ ಜೊತೆ ಮಾತಾಡುತ್ತಿದ್ದಾರಂತೆ. ಏನಾಗುತ್ತದೋ ಗೊತ್ತಿಲ್ಲ.

ನೀನು ನಿನ್ನೆ ಹೊರಟ ಮೇಲೆ ಏನಾಯಿತು ಅಂತ ಹೇಳಲೇ ಇಷ್ಟೆಲ್ಲ ಬರೆದದ್ದು. ಹೊಲಿಗೆ ಅಕ್ಕ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಮೈ ಸರಿಯಿಲ್ಲವಾ ಅಂತ ಕೇಳಿದೆ. "ಚೆನ್ನಾಗಿದ್ದೀನಿ ತಂಗಿ. ಮನೆಗೆ ಹೋಗಿ ಬಂದ ಹಾಗಾಯ್ತು, ಸ್ವಲ್ಪ ದಣಿವು" ಅಂದರು. ಆಮೇಲೆ ಚೀಲ ಎತ್ತಿಕೊಂಡು ಬಾಗಿಲ ತನಕ ಹೋಗಿ ತಿರುಗಿದರು. "ನಿಮ್ಮ ತಮ್ಮನಿಗೆ ಬಿಡುವಿದ್ದರೆ ನಾಳಿದ್ದೂ ಬರಲಿ. ಸಮುದ್ರದ ಕಡೆಯ ರಸ್ತೆ ಇನ್ನೂ ಕೇಳೇ ಇಲ್ಲ."

ಆ ನಾಳಿದ್ದು ಅಂದರೆ ನಾಳೆ. ಹೋಗು. ನೆನಪಿರುವುದನ್ನೆಲ್ಲ ಒಪ್ಪವಾಗಿ ಜೋಡಿಸಿಕೊಂಡು ಹೋಗು.

ನಿನ್ನ ಮೊಣಕಾಲಿಗೆ ಬಲ ಬರಲಿ, ಯಾವ ತಂಡ ಕರೆದರೂ ಕರೆಯದಿದ್ದರೂ ನಿನ್ನ ನಿದ್ದೆ ಇಷ್ಟೇ ಗಾಢವಾಗಿರಲಿ. ನೂರು ಕಾಲ ಬಾಳು.

ಪಕ್ಕದ ಕೋಣೆಯಿಂದ,
ನಿನ್ನ ಅಕ್ಕ